ಹತ್ತಿ ಬಿಡಿಸುವ ತಿಂಗಳಲ್ಲಿ ಪ್ರಶ್ನಾವಳಿ ಹಿಡಿದು ಹೋಗಬೇಡಿ

ಹೋದ ತಿಂಗಳ ಕೊನೆಗೆ ನನ್ನ ಪಿಎಚ್‌ಡಿ ಅಧಿಸೂಚನೆ ಬಂತು. ಒಂದೇ ಹಾಳೆ, ಕೆಳಗೆ ಮೌಲ್ಯಮಾಪನ ಕುಲಸಚಿವರ ಸಹಿ. 2019ರ ಜನವರಿಯಲ್ಲಿ ಹಿಡಿದ ಕೆಲಸ 2025ರ ಮಾರ್ಚ್‌ಗೆ ಕೈಬಿಟ್ಟಿತು. ಶುರುವಾದಾಗ ಮಗಳು ಎರಡನೇ ಕ್ಲಾಸಿನಲ್ಲಿದ್ದಳು. ಬರುವ ಜೂನ್‌ಗೆ ಒಂಬತ್ತನೇದಕ್ಕೆ ಕಾಲಿಡುತ್ತಾಳೆ, ಅಂದರೆ ನಾನು ಪ್ರಶ್ನಾವಳಿ ಹಂಚಿದ ಮಕ್ಕಳ ವಯಸ್ಸಿಗೇ ಬಂದಳು.

ನಾನು ಕಲಬುರಗಿಯ ಒಂದು ಅನುದಾನರಹಿತ ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುವವಳು. ಅಧಿಸೂಚನೆ ಬಂದ ದಿನದಿಂದ ಕಿರಿಯ ಸಹೋದ್ಯೋಗಿಗಳ ಫೋನ್ ನಿಂತಿಲ್ಲ. ಎಲ್ಲರದೂ ಅದೇ ಪ್ರಶ್ನೆ: ‘ಅಕ್ಕಾ, ಎಷ್ಟು ರೊಕ್ಕ ಆಯ್ತು, ಎಷ್ಟು ವರ್ಷ ಹಿಡೀತು, ಯಾರ ಕಾಲು ಹಿಡೀಬೇಕು?’ ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು. ಒಮ್ಮೆ ಬರೆದೇಬಿಡೋಣ ಅಂತ ಕೂತಿದ್ದೇನೆ.

ವಿಷಯ ಹುಟ್ಟಿದ ಕಥೆ ಮೊದಲು ಹೇಳಬೇಕು. 2015ರಿಂದ ಬಿ.ಇಡಿ. ಎರಡು ವರ್ಷದ್ದಾಯಿತಲ್ಲ, ಅದರೊಳಗೆ 20 ವಾರ ಶಾಲಾ ಇಂಟರ್ನ್‌ಶಿಪ್. 2017ರಲ್ಲಿ ನಮ್ಮ ವಿದ್ಯಾರ್ಥಿನಿಯ ಪಾಠ ನೋಡಲು ಜೇವರ್ಗಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ಹಿಂದಿ ಪೀರಿಯಡ್ ಗಂಟೆ ಹೊಡೆಯುತ್ತಲೇ ಅರ್ಧ ಮಕ್ಕಳು ಎದ್ದು ಆಚೆ ಕೋಣೆಗೆ ಹೋದರು. ವಿಚಾರಿಸಿದರೆ ಎನ್‌ಎಸ್‌ಕ್ಯುಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು). ತೃತೀಯ ಭಾಷೆಯ ಬದಲಿಗೆ ಒಂದು ವೃತ್ತಿ ವಿಷಯ ತೆಗೆದುಕೊಳ್ಳುವ ಅವಕಾಶ. ಆ ಶಾಲೆಯಲ್ಲಿದ್ದದ್ದು ಆಟೋಮೊಬೈಲ್. ಬೇರೆ ಕಡೆ ಐಟಿ, ರಿಟೇಲ್, ಬ್ಯೂಟಿ ಆಂಡ್ ವೆಲ್‌ನೆಸ್ ಹೀಗೆ. ಕಲಿಸುತ್ತಿದ್ದವರು ಏಜೆನ್ಸಿ ಮೂಲಕ ಗುತ್ತಿಗೆಯ ಮೇಲೆ ಬಂದ ಮೆಕ್ಯಾನಿಕಲ್ ಡಿಪ್ಲೊಮಾ ಹುಡುಗ. ನಾನು ಬಿ.ಇಡಿ. ಕಾಲೇಜಿನವಳು ಅಂತ ತಿಳಿದು, ಹೊರಡುವಾಗ ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದ: ‘ಮೇಡಮ್, ಪಾಠ ಯೋಜನೆ ಅಂದ್ರ ಹೆಂಗ ಬರೀಬೇಕ್ರಿ? ನಮಗ ಯಾರೂ ಹೇಳಿಕೊಟ್ಟಿಲ್ರಿ.’

ನನಗೆ ನಾಚಿಕೆಯಾಯಿತು. ನಮ್ಮ ಬಿ.ಇಡಿ.ಯಲ್ಲಿ ಗಣಿತಕ್ಕೆ ಬೋಧನಾ ಪದ್ಧತಿ ಇದೆ, ಇತಿಹಾಸಕ್ಕಿದೆ, ಕನ್ನಡಕ್ಕಿದೆ. ಸ್ಪ್ಯಾನರ್ ಹಿಡಿದು ಕಲಿಸುವವನಿಗೆ ಏನೂ ಇಲ್ಲ. ಕೈಕೆಲಸ ಕಲಿಸುವವರಿಗೆ ಕಲಿಸುವವರು ಯಾರು ಅನ್ನುವುದೇ ನನ್ನ ಸಂಶೋಧನೆಯಾಯಿತು.

ಪ್ರವೇಶ ಪರೀಕ್ಷೆ ಕಷ್ಟವೇನಲ್ಲ, ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಸಂದರ್ಶನದಲ್ಲಿ ಮಾತ್ರ ಬೆವರಿಳಿಸಿದರು. ‘ವೃತ್ತಿ ಶಿಕ್ಷಣ ಹೊಸದು ಅಂತ ತಿಳಕೊಂಡೀರೇನು?’ ಅಂತ ಶುರುವಾಗಿ, ಗಾಂಧೀಜಿ ಕೈಕೆಲಸದ ಶಿಕ್ಷಣ ಮುಂದಿಟ್ಟ 1937ರ ವಾರ್ಧಾ ಸಮ್ಮೇಳನ, ಕೊಠಾರಿ ಶಿಕ್ಷಣ ಆಯೋಗ ಎಲ್ಲ ಕೇಳಿದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹೈಯರ್ ಸೆಕೆಂಡರಿ ಮಕ್ಕಳಲ್ಲಿ 1990ಕ್ಕೆ ಶೇ 10, 1995ಕ್ಕೆ ಶೇ 25ರಷ್ಟು ಮಂದಿಯನ್ನು ವೃತ್ತಿ ಶಿಕ್ಷಣಕ್ಕೆ ತರಬೇಕು ಅಂದಿತ್ತಲ್ಲ, ಅದೂ ಬಂತು. ಕೊನೆಗೆ ಒಬ್ಬರು, ‘ನಮ್ಮಲ್ಲೇ ಜೆಓಸಿ ಅಂತ ಇತ್ತಲ್ಲ, ಅದೇನಾಯ್ತು?’ ಅಂದರು. ಜೆಓಸಿ ಅಂದರೆ ಪಿಯು ಮಟ್ಟದ ಉದ್ಯೋಗಾಧಾರಿತ ಕೋರ್ಸ್. ನನ್ನ ಸೋದರಮಾವ ಅದನ್ನು ಓದಿದವರು, ಈಗ ಹೋಟೆಲ್ ಇಟ್ಟಿದ್ದಾರೆ. ಅದನ್ನೇ ಹೇಳಿದೆ. ನಕ್ಕು ಆಯ್ಕೆ ಮಾಡಿದರು.

ಗೈಡ್ ಸಿಗುವುದು ಬೇರೆ ಕಥೆ. ಒಬ್ಬ ಪ್ರಾಧ್ಯಾಪಕರ ಹತ್ತಿರ ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರ ಹತ್ತಿರ 6, ಸಹಾಯಕ ಪ್ರಾಧ್ಯಾಪಕರ ಹತ್ತಿರ 4 ಮಂದಿ ಮಾತ್ರ ಇರಬಹುದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ. ಖಾಲಿ ಇರುವ ಸೀಟು ನೋಡುವ ಅವಸರದಲ್ಲಿ ನಾನು ಗೈಡ್ ನಿವೃತ್ತಿಯ ದಿನಾಂಕ ನೋಡಲಿಲ್ಲ. ನನ್ನ ಗೈಡ್ ಒಳ್ಳೆಯವರು, ಓದಿಕೊಂಡವರು, ಆದರೆ 2023ರ ಜುಲೈನಲ್ಲಿ ನಿವೃತ್ತರಾದರು. ನಾನು ಆಗ ನಡುನೀರಿನಲ್ಲಿ. ಹೊಸ ಗೈಡ್ ಹುಡುಕಿ, ಹಳಬರನ್ನು ಸಹ ಮಾರ್ಗದರ್ಶಕರಾಗಿ ಮುಂದುವರಿಸಿ, ಮೂವರ ಒಪ್ಪಿಗೆ ಪತ್ರ ಕೂಡಿಸಿ, ಸಮಿತಿಯಲ್ಲಿ ಅದು ಪಾಸಾಗುವ ಹೊತ್ತಿಗೆ ನಾಲ್ಕು ತಿಂಗಳು. ನೀವು ಮೊದಲ ದಿನವೇ ಧೈರ್ಯ ಮಾಡಿ ಕೇಳಿ: ಸರ್, ನಿಮ್ಮದು ಯಾವಾಗ? ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ.

ಕೋರ್ಸ್‌ವರ್ಕ್ ಮುಗಿಸಿ 2019ರ ಆಗಸ್ಟ್‌ನಲ್ಲಿ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಕೊಟ್ಟೆ. ಶೀರ್ಷಿಕೆಯಲ್ಲಿ ‘ಹೈದರಾಬಾದ್ ಕರ್ನಾಟಕ’ ಅಂತಿತ್ತು. ಮುಂದಿನ ತಿಂಗಳೇ ಸರ್ಕಾರ ಅದನ್ನು ಕಲ್ಯಾಣ ಕರ್ನಾಟಕ ಮಾಡಿತು. 2020ರ ಫೆಬ್ರವರಿಯಲ್ಲಿ ಸಮಿತಿ ಕೂತಾಗ ಮೊದಲ ಆಕ್ಷೇಪಣೆ ಅದೇ. ಎರಡನೇದು, ಇಷ್ಟು ಜಿಲ್ಲೆ ನೀವು ಒಬ್ಬರೇ ಸುತ್ತುತ್ತೀರಾ ಅಂತ. ನ್ಯಾಯವಾದ ಪ್ರಶ್ನೆ. ಕಲಬುರಗಿ ಮತ್ತು ಯಾದಗಿರಿಗೆ ಇಳಿಸಿದೆ. ಸಿನಾಪ್ಸಿಸ್ ಏಳು ಪ್ರತಿ ಮತ್ತೆ ಪ್ರಿಂಟ್. ಅದಾಗಿ ಒಂದು ತಿಂಗಳಿಗೆ ಲಾಕ್‌ಡೌನ್.

ಕೊರೊನಾ ಕಾಲವನ್ನು ಬಹಳ ಹೇಳುವುದಿಲ್ಲ. ಶಾಲೆ ಮುಚ್ಚಿದವು, 2021ರ ಜನವರಿಯಲ್ಲಿ ಹತ್ತನೇದು ತೆರೆಯಿತು, ಮತ್ತೆ ಮುಚ್ಚಿತು, ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲಿನವು ತೆರೆದವು. ಎರಡು ವರ್ಷ ಸಲಕರಣೆ ಮುಟ್ಟದ ಮಕ್ಕಳನ್ನು ಪ್ರಾಯೋಗಿಕ ಕಲಿಕೆ ಹೇಗಿದೆ ಅಂತ ಕೇಳಿ ಪ್ರಯೋಜನವಿಲ್ಲ, ಒಂದು ಸರಿಯಾದ ವರ್ಷ ಕಾಯಿರಿ ಅಂದರು ಗೈಡ್. ಕಾಯುತ್ತಾ ಎರಡನೇ ಅಧ್ಯಾಯ ಬರೆದೆ. ಶೋಧಗಂಗಾ ಜಾಲತಾಣದಲ್ಲಿ ಹಳೆಯ ಮಹಾಪ್ರಬಂಧಗಳನ್ನು ಪುಕ್ಕಟೆ ಓದಬಹುದು, ಭೋಪಾಲದ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆಯ ಪಠ್ಯಗಳೂ ಸಿಗುತ್ತವೆ. ಆ ಎರಡು ವರ್ಷ ವ್ಯರ್ಥವಾಗಲಿಲ್ಲ ಅಂದರೆ ಅವುಗಳಿಂದಲೇ.

ಪ್ರಶ್ನಾವಳಿ ಮಾಡಿದ್ದು ಇದೇ ಸಮಯದಲ್ಲಿ. ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಂದೆ, ಎಲ್ಲರೂ ಮಾಡುವಂತೆ. ‘ವೃತ್ತಿಪರ ವಿಷಯದ ಅಧ್ಯಯನವು ನನ್ನ ಆತ್ಮವಿಶ್ವಾಸವನ್ನು ವೃದ್ಧಿಸಿದೆ.’ ಮುಂದೆ ಐದು ಮನೆ: ಸಂಪೂರ್ಣ ಒಪ್ಪುತ್ತೇನೆ, ಭಾಗಶಃ ಒಪ್ಪುತ್ತೇನೆ, ತಟಸ್ಥ, ಹೀಗೆ. ಆರು ಮಂದಿ ತಜ್ಞರು ನೋಡಿ ಚಲೋ ಇದೆ ಅಂದರು. ಪೈಲಟ್‌ಗೆ, ಅಂದರೆ ಮೊದಲ ಪರೀಕ್ಷಾರ್ಥ ಪ್ರಯೋಗಕ್ಕೆ, ಗುರುಮಠಕಲ್ ಕಡೆಯ ಒಂದು ಶಾಲೆಗೆ ಹೋದೆ. ಅಲ್ಲಿ ಬಹಳ ಮಕ್ಕಳ ಮನೆಮಾತು ತೆಲುಗು. ಮೊದಲ ಬೆಂಚಿನ ಹುಡುಗಿ ಕೈ ಎತ್ತಿ, ‘ಟೀಚರ್, ಭಾಗಶಃ ಅಂದ್ರೇನ್ರಿ?’ ಅಂದಳು. ಹೇಳಿದೆ. ‘ತಟಸ್ಥ ಅಂದ್ರ?’ ಅದನ್ನೂ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ: ‘ಇದಕ್ಕ ಮಾರ್ಕ್ಸ್ ಅದಾವೇನ್ರಿ?’ ಇಲ್ಲ ಅಂದೆ. ನಂಬಲಿಲ್ಲ. ಐದು ನಿಮಿಷದಲ್ಲಿ ಇಡೀ ಕ್ಲಾಸು ಮೇಲಿಂದ ಕೆಳಗೆ ಒಂದೇ ಸಾಲಿಗೆ ಟಿಕ್ ಹೊಡೆದು ಕೊಟ್ಟಿತು, ಸಂಪೂರ್ಣ ಒಪ್ಪುತ್ತೇನೆ, ಸಂಪೂರ್ಣ ಒಪ್ಪುತ್ತೇನೆ.

ರಾತ್ರಿ ಲೆಕ್ಕ ಹಾಕಿದರೆ, ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ಅಳೆಯುವ ಕ್ರೋನ್‌ಬಾಕ್ ಆಲ್ಫಾ 0.41. ಕನಿಷ್ಠ 0.7 ಇರಬೇಕು ಅನ್ನುವುದು ರೂಢಿ. ಅತ್ತೇಬಿಟ್ಟೆ. ಮರುದಿನ ನಮ್ಮ ಕಾಲೇಜಿನ ಗಣಿತದ ಸರ್ ನೋಡಿ, ‘ನಕಾರಾತ್ಮಕ ಹೇಳಿಕೆಗಳ ಅಂಕ ತಿರುಗಿಸೀರೇನು?’ ಅಂದರು. ತಿರುಗಿಸಿರಲಿಲ್ಲ. ‘ಪ್ರಾಯೋಗಿಕ ತರಗತಿ ಬೇಸರ ತರಿಸುತ್ತದೆ’ ಅನ್ನುವುದಕ್ಕೆ ಒಪ್ಪಿದರೆ 5 ಅಲ್ಲ, 1 ಬರಬೇಕು. ತಿರುಗಿಸಿದೆ. ಆಲ್ಫಾ ಏರುವ ಬದಲು ಇನ್ನೂ ಇಳಿಯಿತು! ಯಾಕೆಂದರೆ ಮಕ್ಕಳು ಓದಿಯೇ ಇರಲಿಲ್ಲ. ಆನಂದಕ್ಕೂ ಒಪ್ಪಿದ್ದರು, ಬೇಸರಕ್ಕೂ ಒಪ್ಪಿದ್ದರು. ತಪ್ಪು ಲೆಕ್ಕದ್ದಲ್ಲ, ನನ್ನ ಕನ್ನಡದ್ದು. ಎಲ್ಲ ಹೇಳಿಕೆ ಹೊಸದಾಗಿ ಬರೆದೆ, ಈ ಸಲ ನೇರ ಕನ್ನಡದಲ್ಲಿ. ‘ವೃದ್ಧಿಸಿದೆ’ ಹೋಗಿ ‘ಧೈರ್ಯ ಬಂದಿದೆ’ ಆಯಿತು. ಐದು ಮನೆ ಹೋಗಿ ಮೂರು: ಹೌದು, ಒಮ್ಮೊಮ್ಮೆ, ಇಲ್ಲ. ಎರಡನೇ ಪೈಲಟ್‌ನಲ್ಲಿ 0.78 ಬಂತು. ಇಂಗ್ಲಿಷ್ ಪರಿಕರ ಅನುವಾದಿಸಿ ಹೊರಟವರು ದಯವಿಟ್ಟು ಮೊದಲು ನಿಮ್ಮ ಓಣಿಯ ನಾಲ್ಕು ಮಕ್ಕಳಿಗೆ ಓದಿ ಹೇಳಿ. ಅವು ನಿಮ್ಮ ಮುಖ ನೋಡಿದರೆ ಸಾಕು, ತಿಳಿಯುತ್ತದೆ.

ಇನ್ನು ಅನುಮತಿ. ಸರ್ಕಾರಿ ಶಾಲೆಯೊಳಗೆ ಕಾಲಿಡಲು ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ (ಡಿಡಿಪಿಐ) ಪತ್ರ ಬೇಕು, ಅದರ ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಹಿಂಬರಹ, ಕೊನೆಗೆ ಹೆಡ್‌ಮಾಸ್ತರರ ಒಪ್ಪಿಗೆ. ಜಿಲ್ಲೆಯಲ್ಲಿ ಡಿಡಿಪಿಐ ಇಬ್ಬರು ಅನ್ನುವುದೇ ನನಗೆ ಹೊಳೆದಿರಲಿಲ್ಲ. ಆಡಳಿತದವರು ಬೇರೆ, ಅಭಿವೃದ್ಧಿಯವರು ಬೇರೆ, ಆ ಎರಡನೆಯವರೇ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಪ್ರಾಚಾರ್ಯರು. ಕಲಬುರಗಿಯ ಡಯಟ್ ಇರುವುದು ಕಮಲಾಪುರದಲ್ಲಿ, ಊರೊಳಗೆ ಹುಡುಕಬೇಡಿ.

2022ರ ಏಪ್ರಿಲ್‌ನಲ್ಲಿ ಎರಡೂ ಜಿಲ್ಲೆಗೆ ಅರ್ಜಿ ಹಾಕಿದೆ. ಒಂದು ಜಿಲ್ಲೆಯಲ್ಲಿ ಒಂಬತ್ತು ದಿನಕ್ಕೆ ಪತ್ರ ಕೈಗೆ ಬಂತು, ಚಹಾ ಕುಡಿಸಿ ಕಳಿಸಿದರು. ಇನ್ನೊಂದರಲ್ಲಿ ಮೂರು ತಿಂಗಳು. ಮೊದಲ ಸಲ ಹೋದಾಗ ಮಧ್ಯಾಹ್ನ ಎರಡೂವರೆ, ಬೀಗ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಬಿಸಿಲಿಗೆ ಕಚೇರಿ ಬೆಳಗ್ಗೆ 8ರಿಂದ 1.30 ಅನ್ನುವುದು ಇಲ್ಲೇ ಹುಟ್ಟಿ ಬೆಳೆದ ನನಗೇ ಮರೆತಿತ್ತು. ಎರಡನೇ ಸಲ ಸಾಹೇಬರು ವಿಡಿಯೊ ಕಾನ್ಫರೆನ್ಸ್‌ನಲ್ಲಿದ್ದರು. ಮೂರನೇ ಸಲ ಕೇಸ್ ವರ್ಕರ್ ಸಿಕ್ಕರು. ‘ಮೇಡಮ್, ವೃತ್ತಿ ಶಿಕ್ಷಣ ಸಮಗ್ರ ಶಿಕ್ಷಾದಾಗ ಬರ್ತದರಿ, ನಮ್ಮ ಟೇಬಲ್‌ದಲ್ಲ ಇದು.’ ಸಮಗ್ರ ಶಿಕ್ಷಾದವರು, ‘ಸಂಶೋಧನಾ ಪರ್ಮಿಶನ್ ಎಸ್ಟಾಬ್ಲಿಶ್‌ಮೆಂಟ್‌ದವರು ಕೊಡ್ಬೇಕ್ರಿ.’ ನನ್ನ ಕಡತ ಎರಡು ಟೇಬಲ್ ನಡುವಿನ ಕಿಟಕಿಯ ಕಟ್ಟೆಯ ಮೇಲೆ, ನೀರಿನ ಬಾಟಲಿಯ ಕೆಳಗೆ ಇತ್ತು. ಕಣ್ಣಾರೆ ನೋಡಿದ್ದೇನೆ, ಮೇಲಿನ ಹಾಳೆಯಲ್ಲಿ ಬಾಟಲಿಯ ದುಂಡು ಕಲೆ ಮೂಡಿತ್ತು.

ಕೊನೆಗೆ ದಾರಿ ತೋರಿಸಿದವರು ಟಪಾಲು ವಿಭಾಗದ ಒಬ್ಬ ಹಿರಿಯರು. ‘ಅಕ್ಕೋರೆ, ನೀವು ಬರೆದ ಅರ್ಜಿ ಭಾಷಣ ಆಗ್ಯಾದ. ಸಾಹೇಬ್ರು ಸಹಿ ಮಾಡೋ ಹಂಗ ಬರೀರಿ’ ಅಂದರು. ಅವರು ಹೇಳಿದ್ದು ಇಷ್ಟು, ಬರೆದಿಟ್ಟುಕೊಳ್ಳಿ: ಅರ್ಜಿ ಒಂದೇ ಪುಟ ಇರಲಿ. ಶಾಲೆಗಳ ಪಟ್ಟಿ ಬೇರೆ ಹಾಳೆಯಲ್ಲಿ, ಪ್ರತಿ ಶಾಲೆಯ ಮುಂದೆ 11 ಅಂಕಿಯ ಯುಡೈಸ್ (ಶಾಲೆಯ ಗುರುತಿನ) ಸಂಖ್ಯೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ದಿನಕ್ಕೆ ಎಷ್ಟು ಪೀರಿಯಡ್ ಅಂತ ಸ್ಪಷ್ಟವಿರಲಿ. ‘ಪಾಠ ಪ್ರವಚನಕ್ಕೆ ತೊಂದರೆಯಾಗದಂತೆ’ ಎಂಬ ಮಾತು, ‘ಇಲಾಖೆಗೆ ಆರ್ಥಿಕ ಹೊರೆ ಇಲ್ಲ’ ಎಂಬ ಮಾತು ಇರಲೇಬೇಕು. ಪ್ರಶ್ನಾವಳಿ ಲಗತ್ತಿಸಿ. ಕೆಳಗೆ ಬಿಇಓಗಳಿಗೆ ಪ್ರತಿ ಅಂತ ಹಾಕಿ. ಇನ್‌ವರ್ಡ್ ಸಂಖ್ಯೆಯನ್ನು ನಿಮ್ಮ ಪ್ರತಿಯ ಮೇಲೆ ಸೀಲಿನೊಂದಿಗೆ ಬರೆಸಿಕೊಳ್ಳದೆ ಜಾಗ ಬಿಡಬೇಡಿ. ಹೊಸ ಅರ್ಜಿ ಕೊಟ್ಟ ಮೇಲೆ ಹನ್ನೆರಡನೇ ದಿನಕ್ಕೆ ಪತ್ರ ಬಂತು. ಯಾರಿಗೂ ಒಂದು ಪೈಸೆ ಕೊಡಲಿಲ್ಲ. ಕೊಡಬೇಕೇನೋ ಅಂತ ಪರ್ಸಿನಲ್ಲಿ ಐದುನೂರರ ಎರಡು ನೋಟು ಮಡಿಸಿ ಇಟ್ಟುಕೊಂಡಿದ್ದೆ ಅನ್ನುವುದನ್ನು ಮುಚ್ಚಿಡುವುದಿಲ್ಲ.

ಪತ್ರ ಸಿಕ್ಕ ಖುಷಿಯಲ್ಲಿ ನಮ್ಮ ಕಾಲೇಜಿನ ಪರೀಕ್ಷೆ, ಇಂಟರ್ನ್‌ಶಿಪ್ ಎಲ್ಲ ಮುಗಿಸಿ ಡಿಸೆಂಬರ್‌ನಲ್ಲಿ ಹೊರಟೆ. ಇದೇ ನಾನು ಮಾಡಿದ ದೊಡ್ಡ ತಪ್ಪು. ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆಯ ನೀರು, ಹತ್ತಿ ಜೋರು. ನಾನು ಹೋದ ಮೊದಲ ಶಾಲೆಯ ಒಂಬತ್ತನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ 54 ಹೆಸರು, ಬೆಂಚಿನ ಮೇಲೆ 19 ಮಕ್ಕಳು. ಹೆಡ್‌ಮಾಸ್ತರು ಕೈ ಚೆಲ್ಲಿದರು: ‘ಹತ್ತಿ ಬಿಡಿಸ್ಲಾಕ ಹೋಗ್ಯಾವರಿ. ಕೇಜಿಗೆ ಹತ್ತು ರೂಪಾಯಿ ಕೊಡ್ತಾರ. ಸಂಕ್ರಾಂತಿ ಆದ ಮ್ಯಾಲ ಬರ್ರಿ.’ ಸಂಕ್ರಾಂತಿ ಮುಗಿಯಿತು, ಕಲಬುರಗಿ ಕಡೆ ತೊಗರಿ ರಾಶಿ. ಅದು ಮುಗಿಯುವ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ಎಸ್‌ಎಸ್‌ಎಲ್‌ಸಿ. ಫಲಿತಾಂಶದ ಪಟ್ಟಿಯಲ್ಲಿ ಕೆಳಗಿರುವ ಜಿಲ್ಲೆ ಇದು (2024ರಲ್ಲಂತೂ ಯಾದಗಿರಿಯೇ ರಾಜ್ಯಕ್ಕೆ ಕಡೆ), ಫೆಬ್ರವರಿಯಲ್ಲಿ ಪ್ರಶ್ನಾವಳಿ ಹಿಡಿದು ಹೋದವಳನ್ನು ಯಾವ ಹೆಡ್‌ಮಾಸ್ತರು ಒಳಗೆ ಬಿಟ್ಟಾರು?

ಒಪ್ಪಿಗೆ ಪತ್ರದ ಪೇಚು ಬೇರೆ. ಮಕ್ಕಳು ಅಪ್ರಾಪ್ತರು, ಪಾಲಕರ ಸಹಿ ಬೇಕು. ಅಪ್ಪ ಅವ್ವ ಗುಳೆ ಹೋಗಿ ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ. ಮನೆಯಲ್ಲಿ ಇರುವುದು ಅಜ್ಜಿ. ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತುವ ಮೊದಲು, ‘ಇದು ರೇಷನ್ ಬಂದ್ ಮಾಡೋ ಕಾಗದ ಅಲ್ಲಲ್ಲ ಯವ್ವಾ?’ ಅಂದಳು. ಎರಡು ಸಲ ಕೇಳಿದಳು.

ಆ ವರ್ಷ ಹೋಯಿತು. ನಿಜವಾದ ದತ್ತಾಂಶ ಸಿಕ್ಕಿದ್ದು 2023ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ. ನನ್ನ ಕೇಳಿದರೆ ಈ ಭಾಗದ ಶಾಲೆಗಳಲ್ಲಿ ಸಂಶೋಧನೆಗೆ ಇರುವುದು ಈ ಮೂರೇ ತಿಂಗಳು. ಜೂನ್‌ನಲ್ಲಿ ದಾಖಲಾತಿ ಗದ್ದಲ, ಅಕ್ಟೋಬರ್‌ನಲ್ಲಿ ದಸರಾ ರಜೆ, ಮುಂದಿನದು ಮೇಲೆ ಹೇಳಿದ್ದೇನೆ. ನಿಮ್ಮ ವಿಶ್ವವಿದ್ಯಾಲಯದ ಕ್ಯಾಲೆಂಡರ್ ಏನೇ ಹೇಳಲಿ, ಅನುಮತಿ ಪತ್ರ ಜೂನ್‌ಗೆ ಕೈಯಲ್ಲಿರುವಂತೆ ಹಿಂದಿನಿಂದ ಎಣಿಸಿಕೊಂಡು ಬನ್ನಿ. ಆ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದದ್ದು ನನ್ನ ಪಾಲಿಗೆ ಫೆಲೋಶಿಪ್ ಬಂದಂತಾಯಿತು. ಆಧಾರ್ ತೋರಿಸಿ ಜೇವರ್ಗಿ, ಶಹಾಪುರ, ಸುರಪುರ ಎಲ್ಲ ಸುತ್ತಿದೆ. ಅದಕ್ಕೂ ಮೊದಲಿನ ಓಡಾಟಕ್ಕೆ ಒಂಬತ್ತು ಸಾವಿರ ಸುರಿದಿದ್ದೆ.

ಆ ಮಳೆಗಾಲದ ಒಂದು ದಿನ ಹೇಳಲೇಬೇಕು. ಯಾದಗಿರಿ ಜಿಲ್ಲೆಯ ಒಂದು ಶಾಲೆ, ಟ್ರೇಡ್ ಆಟೋಮೊಬೈಲ್. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಪ್ರಶ್ನಾವಳಿ ತುಂಬಿ ಕೊಟ್ಟ. ‘ಪ್ರಾಯೋಗಿಕ ತರಗತಿ ವಾರ ವಾರ ನಡೆಯುತ್ತದೆ’: ಹೌದು. ‘ಸಲಕರಣೆಗಳನ್ನು ನಾವೇ ಬಳಸುತ್ತೇವೆ’: ಹೌದು. ಲ್ಯಾಬ್ ತೋರಿಸಪ್ಪಾ ಅಂದೆ. ಕೋಣೆಗೆ ಬೀಗ. ಕೀಲಿ? ‘ಹೋದ ಸರ್ ಬಿಟ್ಟು ಹೋದ್ರಲ್ರಿ, ಅವಾಗಿಂದ ಹೆಡ್‌ಮಾಸ್ತರ್ ಕಪಾಟದಾಗ ಅದ.’ ಕಿಟಕಿಯಿಂದ ಇಣುಕಿದರೆ ಟೂಲ್ ಕಿಟ್ ಪೆಟ್ಟಿಗೆ, ಪ್ಲಾಸ್ಟಿಕ್ ಕವರ್ ಕೂಡ ಹರಿದಿಲ್ಲ.

ಅಷ್ಟರಲ್ಲಿ ಮಳೆ ಜೋರಾಗಿ, ಹೊರಡಬೇಕಿದ್ದ ಹೆಡ್‌ಮಾಸ್ತರರ ಸ್ಪ್ಲೆಂಡರ್ ಸ್ಟಾರ್ಟ್ ಆಗಲಿಲ್ಲ. ಕಿಕ್ ಹೊಡೆದು ಹೊಡೆದು ಅವರಿಗೆ ದಮ್ಮು ಹತ್ತಿತು. ಈ ಹುಡುಗ ಮುಂದೆ ಬಂದು, ಗಾಡಿಯ ಟೂಲ್ ಬಾಕ್ಸ್‌ನಿಂದ ಪಾನಾ ತೆಗೆದು, ಪ್ಲಗ್ ಬಿಚ್ಚಿದ. ಅಂಗೈಯಲ್ಲಿ ಇಟ್ಟು ಬೆಳಕಿಗೆ ಹಿಡಿದ. ತುದಿ ಕಾಡಿಗೆಯ ಹಾಗೆ ಕಪ್ಪು. ‘ಪೆಟ್ರೋಲ್ ಜಾಸ್ತಿ ಕುಡೀಲಕತ್ತದರಿ ಸರ್’ ಅಂದ. ಓಡಿಹೋಗಿ ಎಲ್ಲಿಂದಲೋ ಸ್ಯಾಂಡ್ ಪೇಪರ್ ಚೂರು, ಮುರಿದ ಹ್ಯಾಕ್ಸಾ ಬ್ಲೇಡ್ ತಂದ. ಉಜ್ಜಿದ, ಊದಿದ, ಬ್ಲೇಡನ್ನು ಪ್ಲಗ್ ತುದಿಯ ಸಂದಿಗೆ ತೂರಿಸಿ ನೋಡಿದ, ಸಡಿಲಾಯಿತು ಅನ್ನಿಸಿ ಮೇಲಿನ ಕೊಕ್ಕೆಯನ್ನು ಕಲ್ಲಿಗೆ ಮೆಲ್ಲಗೆ ತಾಕಿಸಿದ, ಮತ್ತೆ ಬ್ಲೇಡ್ ತೂರಿಸಿದ. ಹಾಕಿ ಒಂದು ಕಿಕ್. ಗಾಡಿ ಹೊತ್ತಿತು. ಎಲ್ಲಿ ಕಲಿತಿ ಅಂದರೆ, ‘ಹೈದರಾಬಾದ್‌ದಾಗ ಕಾಕಾನ ಗ್ಯಾರೇಜ್ ಅದರಿ, ಗುಳೆ ಹೋದಾಗ.’

ಬಸ್ಸಿನಲ್ಲಿ ಕೂತು ಅವನ ಪ್ರಶ್ನಾವಳಿ ತೆಗೆದು ನೋಡಿದೆ. ‘ಶಾಲೆಯ ಹೊರಗೆ ನೀವು ಈ ಕೆಲಸ ಕಲಿತಿದ್ದೀರಾ?’ ಅಂತ ಒಂದು ಪ್ರಶ್ನೆಯೂ ನಾನು ಕೇಳಿರಲಿಲ್ಲ. ಶಾಲೆಯ ಹೆಸರಿಗೆ ಕುಂದು ಬರಬಾರದು ಅಂತ ಮಕ್ಕಳು ಹೌದು ಅಂದಿದ್ದವು, ನಾನು ಆ ಹೌದುಗಳನ್ನು ಎಣಿಸುತ್ತಾ ಕೂತಿದ್ದೆ. ಗೈಡ್‌ಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ‘ಪ್ರಶ್ನಾವಳಿ ಇರಲಿ, ಅದರ ಜೊತೆ ಅವಲೋಕನ ಪಟ್ಟಿ ಮಾಡಿ, ಪ್ರತಿ ಶಾಲೆಯಲ್ಲಿ ಐದು ಮಕ್ಕಳಿಗೆ ಒಂದು ಕೆಲಸ ಕೊಟ್ಟು ನೋಡಿ, ಬೋಧಕರನ್ನು ಕೂಡಿಸಿಕೊಂಡು ಮಾತಾಡಿ’ ಅಂದರು. ಮುಗಿದವು ಅಂತ ಗೀಟು ಹೊಡೆದಿದ್ದ ಹನ್ನೊಂದು ಶಾಲೆಗೆ ಮತ್ತೆ ಹೋದೆ. ಬಸ್ ಪುಕ್ಕಟೆ ಇರದಿದ್ದರೆ ಹೋಗುತ್ತಿರಲಿಲ್ಲವೇನೋ.

ಬೋಧಕರ ಮಾತುಕತೆಯೇ ಮಹಾಪ್ರಬಂಧದ ಜೀವ ಅಂತ ನನಗೀಗ ಅನ್ನಿಸುತ್ತದೆ. ಸಂಬಳ ತಿಂಗಳು ತಿಂಗಳು ತಡ, ಏಜೆನ್ಸಿ ಬದಲಾದರೆ ಕೆಲಸ ಇದೆಯೋ ಇಲ್ಲವೋ, ಸ್ಟಾಫ್ ರೂಮಿನಲ್ಲಿ ಕುರ್ಚಿ ಕೂಡ ಕೊನೆಯದು. ಡಿಸೆಂಬರ್‌ನಲ್ಲಿ ಭೇಟಿಯಾದ ನಾಲ್ವರು ಜುಲೈ ಹೊತ್ತಿಗೆ ಕೆಲಸ ಬಿಟ್ಟಿದ್ದರು. ಹತ್ತನೇದರ ನಂತರ ಅದೇ ಟ್ರೇಡ್ ಮುಂದುವರಿಸುವ ಪಿಯು ಕಾಲೇಜು ನಾನು ಹೋದ ಯಾವ ಊರಿನಲ್ಲೂ ಇರಲಿಲ್ಲ. 2020ರ ಶಿಕ್ಷಣ ನೀತಿ 2025ರ ಹೊತ್ತಿಗೆ ಕನಿಷ್ಠ ಶೇ 50 ಮಕ್ಕಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂದಿತ್ತು. ಒಬ್ಬ ಬೋಧಕಿಗೆ ಅದನ್ನು ಓದಿ ಹೇಳಿದರೆ, ‘ಮೊದ್ಲ ಕೀಲಿ ಕೊಡಸ್ರಿ ಮೇಡಮ್’ ಅಂದಳು.

ಬರೆಯುವುದು, ಟಿ ಪರೀಕ್ಷೆ, ಕೋಷ್ಟಕ ಇವೆಲ್ಲ ನಾಲ್ಕು ತಿಂಗಳಲ್ಲಿ ಆದವು. ಕುತ್ತಿಗೆಗೆ ಬಂದದ್ದು ಫಾಂಟು.

ನಾನು ಕೈಬರಹದಲ್ಲಿ ಕೊಟ್ಟದ್ದನ್ನು ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆ, 286 ಪುಟ. ಕೃತಿಚೌರ್ಯ ತಪಾಸಣೆಗೆ ಗ್ರಂಥಾಲಯಕ್ಕೆ ಕೊಟ್ಟರೆ ವರದಿ ಶೇ 0. ಮನೆಗೆ ಬಂದು ಶಿರಾ ಮಾಡಿದೆ. ಮರುದಿನ ಗ್ರಂಥಪಾಲಕರ ಫೋನು: ‘ಮೇಡಮ್, ಇದು ಕನ್ನಡಾನೇ ಅಲ್ಲ.’ ಹಳೆಯ ಫಾಂಟಿನ ಅಕ್ಷರ ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಣ್ಣಿಗೆ ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸಂತೆ. ಲೋಕದಲ್ಲಿ ಯಾವುದಕ್ಕೂ ಹೊಂದದ ಬರಹ, ಶೇ 0 ಬರದೆ ಇನ್ನೇನು? ಯುನಿಕೋಡ್‌ಗೆ ಬದಲಿಸಿ ತನ್ನಿ ಅಂದರು. ಬದಲಿಸಿದರೆ ಅರ್ಕಾವತ್ತುಗಳೆಲ್ಲ ಜಾಗ ಬಿಟ್ಟು ಎದ್ದಿದ್ದವು, ಒತ್ತಕ್ಷರ ಮಾಯ, ಕೋಷ್ಟಕದ ಅಂಕಿಗಳ ನಡುವೆ ಪ್ರಶ್ನಾರ್ಥಕ ಚಿಹ್ನೆ. 286 ಪುಟ ಸಾಲು ಸಾಲಾಗಿ ತಿದ್ದಿದೆ. ರಾತ್ರಿ ಹನ್ನೊಂದರಿಂದ ಎರಡು, ಇಪ್ಪತ್ತಾರು ರಾತ್ರಿ. ಗಂಡ ಓದುತ್ತಿದ್ದರು, ನಾನು ತಿದ್ದುತ್ತಿದ್ದೆ. ಅವರಿಗೆ ಈಗಲೂ ‘ಪರಿಕಲ್ಪನೆ’ ಅಂದರೆ ಆಗುವುದಿಲ್ಲ.

ಯುನಿಕೋಡ್‌ನಲ್ಲಿ ವರದಿ ಶೇ 23. ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗೆ ಚಿಂತೆಯಿಲ್ಲ, ಅದರ ಮೇಲೆ 40ರವರೆಗೆ ಬಂದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಗಾಬರಿಯಾಗಬೇಡಿ, ವರದಿಯನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ನೋಡಿ. ನನ್ನದರಲ್ಲಿ ಅರ್ಧ ಹೊಂದಾಣಿಕೆ ಗ್ರಂಥಸೂಚಿ, ಮೂಲ ಹೇಳಿ ಉದ್ಧರಿಸಿದ ನೀತಿ ದಾಖಲೆಗಳದ್ದು. ಅವನ್ನು ಲೆಕ್ಕದಿಂದ ಬಿಡಲು ನಿಯಮವೇ ಹೇಳುತ್ತದೆ, ಆದರೆ ಕೇಳದೆ ಯಾರೂ ಬಿಡುವುದಿಲ್ಲ. ಉಳಿದದ್ದು ನಾನು ಸೋಮಾರಿತನದಿಂದ ಎರಡನೇ ಅಧ್ಯಾಯದಲ್ಲಿ ಬೇರೆಯವರ ವಾಕ್ಯ ಎತ್ತಿಕೊಂಡದ್ದು. ಅದನ್ನು ನಾಚಿಕೆಯಿಂದ ತಿದ್ದಿದೆ. ಶೇ 8ಕ್ಕೆ ಇಳಿಯಿತು. ಮೊದಲ ಅಕ್ಷರದಿಂದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಡಿಟಿಪಿಯವರು ‘ಆಮ್ಯಾಲ ಕನ್ವರ್ಟ್ ಮಾಡಿ ಕೊಡ್ತೀನ್ರಿ’ ಅಂದರೆ ಎದ್ದು ಬನ್ನಿ.

ಲೇಖನ ಪ್ರಕಟಣೆಯ ವಿಚಾರದಲ್ಲೂ ಒಂದು ಎಚ್ಚರ. 2022ರ ನವೆಂಬರ್‌ನ ಹೊಸ ನಿಯಮದಲ್ಲಿ ಮಹಾಪ್ರಬಂಧಕ್ಕೆ ಮೊದಲು ಲೇಖನ ಕಡ್ಡಾಯವಿಲ್ಲ. ‘ಈಗ ಪೇಪರ್ ಬೇಡಂತಲ್ಲ’ ಅಂತ ನಾನೂ ಕುಣಿದೆ. ನನ್ನ ನೋಂದಣಿ ಹಳೆಯದು, 2016ರ ನಿಯಮ: ಒಂದು ಲೇಖನ, ಎರಡು ವಿಚಾರ ಸಂಕಿರಣ ಬೇಕೇ ಬೇಕು. ನಿಮ್ಮ ನೋಂದಣಿ ಪತ್ರದ ದಿನಾಂಕ ನೋಡಿಕೊಳ್ಳಿ. ಎರಡೂವರೆ ಸಾವಿರಕ್ಕೆ ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬರುವವರಿಂದ ದೂರವಿರಿ. ನನ್ನ ಸಹಪಾಠಿಯೊಬ್ಬಳ ಲೇಖನ ಆ ಕಾರಣಕ್ಕೇ ತಿರಸ್ಕೃತವಾಯಿತು. ನಾವೆಲ್ಲ ಯುಜಿಸಿ ಒಪ್ಪಿದ ನಿಯತಕಾಲಿಕೆಗಳ ‘ಕೇರ್’ ಪಟ್ಟಿ ಹಿಡಿದು ಒದ್ದಾಡಿದೆವು, 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು.

2024ರ ಫೆಬ್ರವರಿಯಲ್ಲಿ ಸಲ್ಲಿಸಿದೆ. ಮೌಲ್ಯಮಾಪನ ಆರು ತಿಂಗಳಲ್ಲಿ ಮುಗಿಯಬೇಕು ಅನ್ನುತ್ತದೆ ನಿಯಮ. ನನಗೆ ವೈವಾ (ಮೌಖಿಕ ಪರೀಕ್ಷೆ) ಆಗಲು ಹನ್ನೊಂದು ತಿಂಗಳು ಹಿಡಿಯಿತು. ಕಾರಣ ತಿಳಿದಾಗ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ಪರೀಕ್ಷಕರಲ್ಲಿ ಒಬ್ಬರು ಹೊರರಾಜ್ಯದವರು ಇರಬೇಕು. ಕನ್ನಡದಲ್ಲಿ ಬರೆದ ಶಿಕ್ಷಣಶಾಸ್ತ್ರದ ಮಹಾಪ್ರಬಂಧ ಓದಬಲ್ಲ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರು ಹೊರರಾಜ್ಯದಲ್ಲಿ ಎಷ್ಟು ಮಂದಿ ಇದ್ದಾರು? ಇಬ್ಬರು ‘ಭಾಷೆ ಬಾರದು’ ಅಂತ ವಾಪಸ್ ಕಳಿಸಿದರು, ಅದು ತಿಳಿಯಲೇ ತಲಾ ಎರಡು ತಿಂಗಳು. ಕನ್ನಡದಲ್ಲಿ ಬರೆಯಬೇಡಿ ಅಂತ ನಾನು ಹೇಳಲಾರೆ, ನಾನು ಮಾತಾಡಿಸಿದ ಶಾಲಾ ಮಕ್ಕಳ ಮಾತು ಇಂಗ್ಲಿಷಿನಲ್ಲಿ ಸತ್ತುಹೋಗುತ್ತಿತ್ತು. ಆದರೆ ಪರೀಕ್ಷಕರ ಪಟ್ಟಿ ಕಳಿಸುವ ಮೊದಲೇ ಗೈಡ್ ಹತ್ತಿರ ಈ ಮಾತು ತೆಗೆಯಿರಿ. ಪಟ್ಟಿ ಗೋಪ್ಯ, ಹೆಸರು ನೀವು ಕೇಳಬಾರದು. ‘ಸರ್, ಕನ್ನಡ ಬರುವವರು ಇರಲಿ’ ಅನ್ನಬಹುದು.

ವೈವಾ ಜನವರಿಯಲ್ಲಿ ಆಯಿತು. ಸಾರ್ವಜನಿಕವಾಗಿ ನಡೆಯುತ್ತದೆ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, ‘ಶೀರ್ಷಿಕೆಯಲ್ಲಿ ಪರಿಣಾಮಕಾರಿತ್ವ ಅಂತಿದೆ. ನೀವು ಅಳೆದದ್ದು ಪರಿಣಾಮವೋ, ಅಭಿಪ್ರಾಯವೋ?’ ಅಂದರು. ಬಾಯಿ ಒಣಗಿತು. ಸಿದ್ಧಮಾಡಿಕೊಂಡ ಉತ್ತರ ಬಿಟ್ಟು ಹ್ಯಾಕ್ಸಾ ಬ್ಲೇಡ್ ಕಥೆ ಹೇಳಿದೆ: ಪ್ರಶ್ನಾವಳಿ ಅಭಿಪ್ರಾಯವನ್ನಷ್ಟೇ ಅಳೆಯಿತು ಸರ್, ಅದು ಗೊತ್ತಾದ ಮೇಲೆ ಅವಲೋಕನ ಸೇರಿಸಿದೆ, ಶೀರ್ಷಿಕೆ ಬದಲಿಸುವ ಕಾಲ ಮೀರಿತ್ತು. ಅವರು ಏನೂ ಅನ್ನಲಿಲ್ಲ. ಪುಟ ತಿರುವಿ, ‘ಪರಿಮಿತಿಗಳು ಅನ್ನುವಲ್ಲಿ ಇದನ್ನೇ ಒಂದು ಪುಟ ಬರೆದು ಸೇರಿಸಿ’ ಅಂದರು. ಐದು ಪ್ರತಿ ಬಿಚ್ಚಿ ಮತ್ತೆ ಬೈಂಡ್ ಮಾಡಿಸಿದೆ.

ರೊಕ್ಕದ ಲೆಕ್ಕ ಕೇಳಿದವರಿಗೆ: ನನ್ನ ಡೈರಿಯಲ್ಲಿ ಕೂಡಿಸಿದರೆ 1,21,300 ರೂಪಾಯಿ. ಅರ್ಧಕ್ಕಿಂತ ಹೆಚ್ಚು ವರ್ಷ ವರ್ಷದ ಶುಲ್ಕ ಮತ್ತು ಸಲ್ಲಿಕೆ ಶುಲ್ಕ. ಟೈಪಿಂಗ್, ಮರುಟೈಪಿಂಗ್ ಸೇರಿ 14 ಸಾವಿರ. ವೈವಾ ದಿನದ ಊಟಕ್ಕೆ 5,500. ನಿಯಮದಲ್ಲಿ ಇಲ್ಲದ ಖರ್ಚು, ಬೇಡ ಅನ್ನುವ ಧೈರ್ಯ ನನಗೆ ಬರಲಿಲ್ಲ. ಸಂಬಳವಿಲ್ಲದ ರಜೆ ಇದರಲ್ಲಿ ಸೇರಿಲ್ಲ. ಅದನ್ನು ಕೂಡಿಸಲು ಮನಸ್ಸಾಗಲಿಲ್ಲ.

ಅಧಿಸೂಚನೆ ಬಂದರೆ ಮುಗಿಯಲಿಲ್ಲ. ತಾತ್ಕಾಲಿಕ ಪ್ರಮಾಣಪತ್ರ ತೆಗೆದುಕೊಳ್ಳುವಾಗ, ಪದವಿಯನ್ನು ಯುಜಿಸಿ ನಿಯಮಾನುಸಾರ ನೀಡಲಾಗಿದೆ ಎಂಬ ಸಾಲು ಇದೆಯೇ ನೋಡಿಕೊಳ್ಳಿ, ಉದ್ಯೋಗದ ಅರ್ಜಿಗೆ ಅದೇ ಬೇಕು. ಮೊನ್ನೆ ನಾನು ಕೌಂಟರಿಗೆ ಹೋದೆ. ಗುಮಾಸ್ತರು ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿದರು. ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಅಧಿಸೂಚನೆಯಲ್ಲಿ ಗಂಡನ ಮನೆಯ ಅಡ್ಡಹೆಸರು. ‘ಅಫಿಡವಿಟ್ ಮಾಡಿಸಿಕೊಂಡ್ ಬರ್ರಿ ಮೇಡಮ್, ನೋಟರಿ ಸೀಲ್ ಇರ್ಲಿ. ಮತ್ತ ಈಗ ಟೈಮ್ ಎಂಟಕ್ಕ ನೋಡ್ರಿ, ಒಂದೂವರೆಗೆ ಬಂದ್.’ ಈ ಸಲ ನೆನಪಿದೆ. ನಾಳೆ ಏಳೂವರೆಗೆ ಮನೆ ಬಿಡುತ್ತೇನೆ.